ನೀಲಿ ರೂಮಿಗೆ ತುಕ್ಕು ಬಣ್ಣದ ಕುಶನ್ ಕವರ್: ಎರಡು ತಿಂಗಳು ಬಳಸಿದ ಮೇಲೆ

ವಾಪಸ್ ಕಳಿಸಬೇಕು ಅಂತ ಪೊಟ್ಟಣಕ್ಕೆ ಮತ್ತೆ ಟೇಪ್ ಸುತ್ತಿದ್ದ ಕುಶನ್ ಕವರ್‌ಗಳ ರಿವ್ಯೂ ಇದು. ಈಗ ಅವಿಲ್ಲದೆ ಆ ರೂಮಿನಲ್ಲಿ ಕೂರಲು ಮನಸ್ಸಾಗುವುದಿಲ್ಲ.

ನನ್ನ ರೂಮಿನ ಒಂದು ಗೋಡೆ ಕಡುನೀಲಿ. ಸೋಫಾ ಬೂದು ಬೆರೆತ ನೀಲಿ. ಕರ್ಟನ್ ತಿಳಿನೀಲಿ. ಒಂದೊಂದಾಗಿ ಕೊಳ್ಳುವಾಗ ಎಲ್ಲವೂ ಚೆನ್ನಾಗಿಯೇ ಇದ್ದವು. ಒಟ್ಟಿಗೆ ಸೇರಿದ ಮೇಲೆ ಹಲ್ಲಿನ ಡಾಕ್ಟರ ಹೊರಗಿನ ಕಾಯುವ ಕೋಣೆಯ ಹಾಗಾಯಿತು. ಮತ್ತೆ ಪೇಂಟ್ ಮಾಡಿಸುವ ತಾಳ್ಮೆ ನನಗಿರಲಿಲ್ಲ. ಅದಕ್ಕೇ ಆನ್‌ಲೈನ್‌ನಲ್ಲಿ ಇವನ್ನು ತರಿಸಿದೆ. ಐದರ ಸೆಟ್, 16 ಇಂಚಿನ ಚೌಕ, ದಪ್ಪ ಹತ್ತಿ ಬಟ್ಟೆ.

ಬಿಚ್ಚಿದಾಗ ಬೇಜಾರಾಯಿತು. ಫೋಟೋದಲ್ಲಿ ಕಿತ್ತಳೆ ಎದ್ದು ಕಾಣುತ್ತಿತ್ತು, ಕೈಗೆ ಬಂದದ್ದರಲ್ಲಿ ಕಂದೇ ಜಾಸ್ತಿ. ಬಿಳಿ ಹಾಸಿಗೆ ಮೇಲೆ ಹರಡಿದರೆ ಹಳೇ ಕಬ್ಬಿಣದ ತಗಡು ಹಾಸಿದ ಹಾಗೆ. ಟೇಪ್ ಸುತ್ತಿದ್ದು ಆಗಲೇ. ಮರುದಿನ ಮನಸ್ಸು ತಡೆಯದೆ ಒಂದನ್ನು ತೆಗೆದು ಸುಮ್ನೆ ಸೋಫಾ ಮೇಲೆ ಎಸೆದೆ. ಅದೇ ಬಟ್ಟೆ ಕೆಂಡದ ಹಾಗೆ ಕಂಡಿತು! ಸತ್ತಂತಿದ್ದ ಸೋಫಾದ ನೀಲಿಗೂ ಜೀವ ಬಂತು.

ಇದೇನು ಮಾಯವಲ್ಲ. ಚಿತ್ರಕಾರರ ಬಣ್ಣದ ಚಕ್ರದಲ್ಲಿ ನೀಲಿಯ ಎದುರು ಕೂತಿರುವುದು ಕಿತ್ತಳೆ. ಎದುರುಬದುರಿನ ಬಣ್ಣಗಳು ಪಕ್ಕಪಕ್ಕ ಬಂದರೆ ಒಂದನ್ನೊಂದು ಜೋರು ಮಾಡುತ್ತವೆ. ಫ್ರಾನ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗವನ್ನು ಶೆವ್ರಲ್ ಎಂಬ ರಸಾಯನ ವಿಜ್ಞಾನಿ ನೋಡಿಕೊಳ್ಳುತ್ತಿದ್ದ. ಕಪ್ಪು ದಾರ ಮಂಕಾಗಿ ಕಾಣುತ್ತದೆ ಅಂತ ದೂರು ಬಂತು. ಪರೀಕ್ಷಿಸಿದರೆ ಬಣ್ಣ ಸರಿಯಾಗೇ ಇತ್ತು, ಆಟ ಆಡಿಸುತ್ತಿದ್ದದ್ದು ಪಕ್ಕದ ದಾರಗಳು. 1839ರಲ್ಲಿ ಆತ ಇದನ್ನೆಲ್ಲ ಬರೆದು ಪ್ರಕಟಿಸಿದ. ಬಿಳಿ ಹಾಸಿಗೆ ಮೇಲಿಟ್ಟು ತೀರ್ಪು ಕೊಟ್ಟ ನನಗೆ ಈ ಕಥೆ ಮೊದಲೇ ಗೊತ್ತಿದ್ದಿದ್ದರೆ ಒಂದು ಟೇಪ್ ಉಳಿಯುತ್ತಿತ್ತು.

ಖುಷಿಯಲ್ಲಿ ಐದನ್ನೂ ಸಾಲಾಗಿ ಇಟ್ಟೆ. ಅದು ತಪ್ಪು. ಕಣ್ಣು ಕುಶನ್ ಬಿಟ್ಟು ಬೇರೆಲ್ಲೂ ಹೋಗುತ್ತಿರಲಿಲ್ಲ. ಮನೆಯ ಒಳಾಂಗಣ ವಿನ್ಯಾಸ ಮಾಡುವವರು 60-30-10 ಅಂತಾರೆ: ಮುಖ್ಯ ಬಣ್ಣ ನೂರಕ್ಕೆ ಅರವತ್ತು, ಜೊತೆಯದು ಮೂವತ್ತು, ಮಿಂಚುವ ಬಣ್ಣ ಹತ್ತು. ನಾನು ಟೇಪ್ ಹಿಡಿದು ಅಳೆಯಲಿಲ್ಲ, ಒಂದೊಂದೇ ತೆಗೆಯುತ್ತಾ ಹೋದೆ. ಸೋಫಾದ ಒಂದು ಮೂಲೆಯಲ್ಲಿ ಎರಡು, ಎದುರಿನ ಕುರ್ಚಿ ಮೇಲೆ ಒಂದು. ಅಲ್ಲಿಗೆ ಸಾಕಾಯಿತು. ಆ ಕುರ್ಚಿಯ ಒಂಟಿ ಕುಶನ್ ಇಲ್ಲದಿದ್ದರೆ ಸೋಫಾದ ಎರಡು ಯಾರೋ ಮರೆತು ಬಿಟ್ಟುಹೋದ ಹಾಗೆ ಕಾಣುತ್ತವೆ.

ಬೆಳಕಿನ ವಿಷಯವನ್ನು ಮಾರುವವರು ಯಾರೂ ಹೇಳುವುದಿಲ್ಲ. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟು ಬೆಳಕು ಹಳದಿ. ನನ್ನ ಹಳೇ ಬಲ್ಬ್ 6500 ಕೆಲ್ವಿನ್, ಅಂದರೆ ಬೆಳ್ಳಗೆ ಹೊಡೆಯುವ ಬೆಳಕು. ಅದರಡಿ ಗೋಡೆ ಇನ್ನಷ್ಟು ತಣ್ಣಗೆ, ಕವರ್ ಮತ್ತೆ ಕಂದು. 2700ರ ಹಳದಿ ಬಲ್ಬ್ ಹಾಕಿದೆ. ಕುಶನ್ ಬೆಚ್ಚಗಾಯಿತು, ಆದರೆ ಗೋಡೆ ಕಪ್ಪಾಯಿತು. ಹಳದಿ ಬೆಳಕಿನಲ್ಲಿ ನೀಲಿಯ ಪಾಲೇ ಕಡಿಮೆ, ಗೋಡೆ ಪಾಪ ಏನು ತಾನೇ ವಾಪಸ್ ಕೊಡುತ್ತದೆ? ಕೊನೆಗೆ ಮೇಲೆ 4000, ಸೋಫಾ ಪಕ್ಕದ ದೀಪಕ್ಕೆ 2700. ಈಗ ಎರಡೂ ನೆಮ್ಮದಿಯಾಗಿವೆ.

ಇನ್ನು ದೂರುಗಳು. ಐದರಲ್ಲಿ ಒಂದರ ಬಣ್ಣವೇ ಬೇರೆ. ರಾತ್ರಿ ದೀಪದಡಿ ಐದೂ ಒಂದೇ. ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದರೆ ಒಂದು ಗುಲಾಬಿ ಕಡೆಗೆ ವಾಲುತ್ತದೆ. ಬಹುಶಃ ಬೇರೆ ಸಲ ಅದ್ದಿದ ಬಟ್ಟೆ. ಅಂಗಡಿಯವರಿಗೆ ಬರೆದೆ. "ಸ್ಕ್ರೀನ್‌ನಲ್ಲಿ ಬಣ್ಣ ಸ್ವಲ್ಪ ಬೇರೆ ಕಾಣಬಹುದು" ಅಂತ ಉತ್ತರ ಬಂತು. ನನ್ನ ಎರಡು ಕೈಯಲ್ಲಿ ಎರಡು ಕವರ್ ಇವೆ ಸ್ವಾಮಿ, ಇದರಲ್ಲಿ ಸ್ಕ್ರೀನ್ ಎಲ್ಲಿ ಬಂತು?

ಬಣ್ಣವೂ ಬಿಡುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದೆ, ಬೆರಳಗಲ ಕಿತ್ತಳೆ ಕಲೆ ಹತ್ತಿತು. ಮೊದಲ ಎರಡು ಸಲ ಬೇರೆಯಾಗಿ ತಣ್ಣೀರಿನಲ್ಲಿ ಒಗೆದ ಮೇಲೆ ನಿಂತಿತು. ತಿಳಿ ಬಣ್ಣದ ಸೋಫಾ ಇದ್ದರೆ ಒಗೆಯದೆ ಇಡಲೇಬೇಡಿ. ಜಿಪ್ ಮೂಲೆಯಲ್ಲಿ ದಾರ ಕಚ್ಚಿಕೊಳ್ಳುತ್ತದೆ, ಎಳೆದಾಡಿದರೆ ಹೊಲಿಗೆಗೇ ಅಪಾಯ. ಒಳಗಿನ ದಿಂಬು 18 ಇಂಚಿನದು ತುಂಬಿ, 16ರದ್ದು ತುಂಬಿದರೆ ಮೂಲೆಗಳು ಜೋತು ಬೀಳುತ್ತವೆ.

ಬಣ್ಣಕ್ಕೆ 5ಕ್ಕೆ 4, ಬಟ್ಟೆಗೆ 3, ಜಿಪ್‌ಗೆ 1. ಬಿಡಿಯಾಗಿ ಮೂರು ಸಿಕ್ಕರೆ ಸೆಟ್ ಕೊಳ್ಳಬೇಡಿ. ಆ ಗುಲಾಬಿ ಕವರ್ ಮತ್ತು ಅದರ ಜೊತೆಗೊಂದು ಈಗಲೂ ನನ್ನ ಬೀರುವಿನಲ್ಲಿವೆ.