ಬ್ಲೆಂಡರ್ ಟೈಮ್‌ಲೈನ್: ಪುಕ್ಕಟೆ ಸಿಗುತ್ತದೆ, ಆದರೆ ಸೆಟ್ಟಿಂಗ್ಸ್ ಹುಡುಕಿಕೊಂಡು ಹೋಗಬೇಕು

ಇದು 3ಡಿ ಅನಿಮೇಷನ್ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್‌ನ ಇಡೀ ರಿವ್ಯೂ ಅಲ್ಲ. ಸ್ಕ್ರೀನಿನ ಕೆಳಗಡೆ ಒಂದು ಉದ್ದನೆ ಪಟ್ಟಿ ಇರುತ್ತದಲ್ಲ, ಆ ಟೈಮ್‌ಲೈನ್ ಮತ್ತು ಅದರ ಪ್ಲೇಬ್ಯಾಕ್ ಸೆಟ್ಟಿಂಗ್ಸ್ ಬಗ್ಗೆ ಅಷ್ಟೇ. ಮಾಡೆಲಿಂಗ್, ಲೈಟಿಂಗ್ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೊ ಇವೆ. ಟೈಮ್‌ಲೈನ್ ವಿಷಯ ಬಂದರೆ ಮಾತ್ರ "ಸ್ಪೇಸ್‌ಬಾರ್ ಒತ್ತಿ, ಪ್ಲೇ ಆಗುತ್ತದೆ" ಅಂತ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನನ್ನ ಪ್ರಕಾರ ಅನಿಮೇಷನ್ ಕೆಡುವುದು ಇಲ್ಲೇ. ನಾನು ಬಳಸುವುದು 4.2 ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ), ಅಂದರೆ 2024ರ ಜುಲೈನಲ್ಲಿ ಬಂದ ಆವೃತ್ತಿ. ಬೇರೆ ಆವೃತ್ತಿಯಲ್ಲಿ ಬಟನ್ ಆಚೀಚೆ ಇರಬಹುದು.

ತುಮಕೂರಿನಲ್ಲಿ ಕೂತು ಅನಿಮೇಷನ್ ಮಾಡುವವರಿಗೆ ಸಿಗುವ ಕೆಲಸ ಎಂಥದ್ದು ಗೊತ್ತಲ್ಲ. ಮಂಡಿಪೇಟೆ ಅಂಗಡಿಯವರ ವಾಟ್ಸಾಪ್ ಜಾಹೀರಾತು, ಶಾಲೆಗಳಿಗೆ ಪಾಠದ ವಿಡಿಯೊ, ಮದುವೆ ಕರೆಯೋಲೆ. ದುಡ್ಡು ಕಮ್ಮಿ, ಲ್ಯಾಪ್‌ಟಾಪ್ ಹಳೇದು. ಹಾಗಾಗಿ ತಿಂಗಳ ಬಾಡಿಗೆ ಕಟ್ಟುವ ಸಾಫ್ಟ್‌ವೇರ್ ನಮ್ಮ ಕೈಗೆ ಎಟುಕುವುದಿಲ್ಲ. ಬ್ಲೆಂಡರ್ 2002ರಿಂದಲೂ ಮುಕ್ತ ಸಾಫ್ಟ್‌ವೇರ್. ಇಳಿಸಿಕೊಂಡು ಕೆಲಸ ಶುರು ಮಾಡಬಹುದು, ಆಮೇಲೆ ಯಾರೂ ದುಡ್ಡು ಕೇಳುವುದಿಲ್ಲ. ಇಷ್ಟರ ಮಟ್ಟಿಗೆ ದೊಡ್ಡ ನಮಸ್ಕಾರ.

ನಾನೀಗ ಮಾಡುತ್ತಿರುವುದು 30 ಸೆಕೆಂಡಿನ ಒಂದು ಮಕ್ಕಳ ಕಥೆ. ಚೇಳೂರು ಸಂತೆಯಿಂದ ತಪ್ಪಿಸಿಕೊಂಡ ಹಲಸಿನ ಹಣ್ಣೊಂದು ಗುಬ್ಬಿಗೆ ಬಂದು, ಬಿ.ಎಚ್. ರಸ್ತೆ ಹಿಡಿದು ಉರುಳಿಕೊಂಡು ತುಮಕೂರಿಗೆ ಬರುತ್ತದೆ, ಹಿಂದೆ ಒಬ್ಬರು ಅಜ್ಜಿ ಓಡಿಬರುತ್ತಾರೆ. ಕಥೆ ಇಷ್ಟೇ. ಉರುಳುವ ಹಣ್ಣಿನ ತೂಕ ಕಣ್ಣಿಗೆ ಗೊತ್ತಾಗಬೇಕಾದರೆ ಟೈಮಿಂಗ್ ಸರಿ ಇರಬೇಕು. ಹಣ್ಣು ನೆಲಕ್ಕೆ ಬಡಿದು ಬೇಗ ಬೇಗ ಎಗರಿದರೆ ಅದು ಹಲಸು ಅನ್ನಿಸುವುದಿಲ್ಲ, ಪ್ಲಾಸ್ಟಿಕ್ ಚೆಂಡು ಅನ್ನಿಸುತ್ತದೆ.

ಹೊಸ ಫೈಲ್ ತೆರೆದರೆ ಬ್ಲೆಂಡರ್ ಕೊಡುವುದು ಫ್ರೇಮ್ 1ರಿಂದ 250, ಸೆಕೆಂಡಿಗೆ 24 ಫ್ರೇಮ್ (ಫ್ರೇಮ್ ಅಂದರೆ ಒಂದೊಂದು ಬಿಡಿ ಚಿತ್ರ). ಅಂದರೆ ಹತ್ತು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. 30 ಸೆಕೆಂಡ್ ಬೇಕಾದರೆ ಟೈಮ್‌ಲೈನಿನ ಬಲಗಡೆ ಎಂಡ್ ಅಂತ ಇರುವಲ್ಲಿ 720 ಹಾಕಬೇಕು. ಇದು ಸುಲಭ. ಆದರೆ ಆ 24ನ್ನು ಬದಲಿಸುವ ಜಾಗ ಟೈಮ್‌ಲೈನಿನಲ್ಲಿ ಇಲ್ಲವೇ ಇಲ್ಲ! ಬಲಗಡೆ ಪ್ರಾಪರ್ಟೀಸ್‌ನಲ್ಲಿ, ಪ್ರಿಂಟರ್ ಚಿತ್ರ ಇರುವ ಔಟ್‌ಪುಟ್ ಟ್ಯಾಬ್ ಒಳಗೆ, ಫಾರ್ಮ್ಯಾಟ್ ಅನ್ನುವ ಭಾಗದಲ್ಲಿ ಅದು ಕೂತಿದೆ. ಸಮಯಕ್ಕೆ ಸಂಬಂಧಿಸಿದ ಮೊದಲ ಸೆಟ್ಟಿಂಗ್‌ಗೇ ಸಮಯದ ಪಟ್ಟಿಯಲ್ಲಿ ಜಾಗ ಇಲ್ಲ. ಇದು ಯಾವ ನ್ಯಾಯ?

ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಸಿನಿಮಾಗೆ 24, ನಮ್ಮ ದೇಶದ ಟಿವಿಗೆ 25, ಫೋನಿನಲ್ಲಿ ನೋಡುವ ವಿಡಿಯೊಗೆ ಬಹಳ ಜನ 30 ಕೇಳುತ್ತಾರೆ. ಕೆಲಸ ಕೊಟ್ಟವರನ್ನು ಕೇಳಿಕೊಂಡೇ ಶುರು ಮಾಡುವುದು ವಾಸಿ. ಯಾಕೆಂದರೆ ಎಲ್ಲಾ ಕೀಫ್ರೇಮ್ (ವಸ್ತು ಯಾವಾಗ ಎಲ್ಲಿರಬೇಕು ಅಂತ ಹಾಕುವ ಗುರುತು) ಹಾಕಿ ಮುಗಿಸಿದ ಮೇಲೆ 24ನ್ನು 30 ಮಾಡಿದರೆ ಬ್ಲೆಂಡರ್ ಕೀಫ್ರೇಮ್‌ಗಳನ್ನು ಅಲ್ಲಾಡಿಸುವುದಿಲ್ಲ, ಅವು ಅದೇ ನಂಬರಿನಲ್ಲಿ ಉಳಿಯುತ್ತವೆ, ಹಾಗಾಗಿ 30 ಸೆಕೆಂಡಿನ ಕಥೆ 24 ಸೆಕೆಂಡಿನಲ್ಲಿ ಓಡಿ ಮುಗಿದುಹೋಗುತ್ತದೆ. ಧ್ವನಿ ಮಾತ್ರ ತನ್ನ ವೇಗದಲ್ಲೇ ಹೋಗುತ್ತಿರುತ್ತದೆ. ಆಗ ಕೀಫ್ರೇಮ್‌ಗಳೆಲ್ಲ ಸಾಲಾಗಿ ಕಾಣುವ ಡೋಪ್ ಶೀಟ್‌ಗೆ ಹೋಗಿ, ಕರ್ಸರನ್ನು ಮೊದಲ ಫ್ರೇಮ್‌ಗೆ ತಂದು, ಎಲ್ಲಾ ಕೀಗಳನ್ನು ಆರಿಸಿಕೊಂಡು, ಎಸ್ ಒತ್ತಿ 1.25 ಹಾಕಬೇಕು. ಎಂಡ್ 900 ಆಗಬೇಕು. ಕೀಗಳು ಅರ್ಧಂಬರ್ಧ ಫ್ರೇಮಿನಲ್ಲಿ ನಿಂತಿರುತ್ತವೆ, ಶಿಫ್ಟ್ ಎಸ್ ಒತ್ತಿ ಹತ್ತಿರದ ಫ್ರೇಮಿಗೆ ಕೂರಿಸಬೇಕು. ಆಗದ ಕೆಲಸ ಅಲ್ಲ, ಸುಮ್ನೆ ತಲೆನೋವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. "ಅಣ್ಣ, ಪ್ಲೇ ಮಾಡಿದ್ರೆ ಎಲ್ಲಾ ನಿಧಾನ ಆಗುತ್ತೆ, ಲ್ಯಾಪ್‌ಟಾಪ್ ಚೇಂಜ್ ಮಾಡ್ಬೇಕಾ?" ಅಂತ ಕಾಲೇಜು ಹುಡುಗರು ಕೇಳುತ್ತಲೇ ಇರುತ್ತಾರೆ. ಬೇಡ ಕಣ್ರಪ್ಪ, ಮೊದಲು ಟೈಮ್‌ಲೈನಿನ ಎಡಗಡೆ ಪ್ಲೇಬ್ಯಾಕ್ ಅಂತ ಬರೆದಿರುವುದನ್ನು ಒತ್ತಿ ನೋಡಿ. ಅಲ್ಲಿ ಸಿಂಕ್ ಅಂತ ಇದೆ, ಅದರಲ್ಲಿ ಮೂರು ಆಯ್ಕೆ. ಮೊದಲನೆಯದು ಪ್ಲೇ ಎವ್ರಿ ಫ್ರೇಮ್. ಹೆಸರೇ ಹೇಳುವಂತೆ ಒಂದು ಫ್ರೇಮೂ ಬಿಡದೆ ತೋರಿಸುತ್ತದೆ, ಎಷ್ಟೇ ಹೊತ್ತು ಹಿಡಿದರೂ. ಸೀನ್ ಭಾರ ಇದ್ದು ನಿಮ್ಮ ಯಂತ್ರ ಸೆಕೆಂಡಿಗೆ ಹನ್ನೆರಡೇ ಫ್ರೇಮ್ ತೋರಿಸಲು ಶಕ್ತ ಅಂದರೆ, ಹಲಸಿನ ಹಣ್ಣು ಅರ್ಧ ವೇಗದಲ್ಲಿ ಉರುಳುತ್ತದೆ. ನೀವು ಅದನ್ನೇ ನಿಜ ಅಂದುಕೊಂಡು ಕೀಗಳನ್ನು ಹತ್ತಿರ ಹತ್ತಿರ ಎಳೆಯುತ್ತೀರಿ. ರೆಂಡರ್ ಆಗಿ, ಅಂದರೆ ಕೊನೆಯ ವಿಡಿಯೊ ತಯಾರಾದ ಮೇಲೆ ಹಣ್ಣು ಬಸ್ಸಿನ ವೇಗದಲ್ಲಿ ಹೋಗುತ್ತದೆ. ಮೋಸ ಆಗುವುದು ಇಲ್ಲಿ.

ಎರಡನೆಯದು ಫ್ರೇಮ್ ಡ್ರಾಪಿಂಗ್. ಯಂತ್ರಕ್ಕೆ ಆಗದಿದ್ದರೆ ನಡುವಿನ ಫ್ರೇಮ್ ಬಿಟ್ಟು ವೇಗ ಕಾಪಾಡುತ್ತದೆ. ಮೂರನೆಯದು ಸಿಂಕ್ ಟು ಆಡಿಯೊ, ಚಿತ್ರ ಧ್ವನಿಯನ್ನು ಹಿಂಬಾಲಿಸುತ್ತದೆ. ಮಾತು, ಹಾಡು ಏನಿದ್ದರೂ ನಾನು ಹಾಕುವುದು ಇದನ್ನೇ. ನೋಡಲು ಸ್ವಲ್ಪ ಕುಕ್ಕಿದ ಹಾಗೆ ಕಾಣುತ್ತದೆ, ಆದರೆ ಹೊತ್ತು ಸರಿಯಾಗಿರುತ್ತದೆ. ಗುಬ್ಬಿ ನಾಟಕ ಕಂಪನಿಯ ಜಿಲ್ಲೆಯವರು ನಾವು, ಮಾತು ಒಂದು ಕಡೆ ಅಭಿನಯ ಒಂದು ಕಡೆ ಹೋದರೆ ಸಹಿಸುವುದಿಲ್ಲ.

ಪ್ಲೇ ಆಗುವಾಗ ವ್ಯೂಪೋರ್ಟಿನ (ದೃಶ್ಯ ಕಾಣುವ ಕಿಟಕಿಯ) ಎಡಮೂಲೆಯಲ್ಲಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ನಂಬರ್ ಬರುತ್ತದೆ, ವೇಗ ಸಾಲದಿದ್ದರೆ ಅದು ಕೆಂಪಾಗುತ್ತದೆ. ಚಿಕ್ಕ ಅಕ್ಷರ, ಬಹಳ ಜನ ಗಮನಿಸುವುದೇ ಇಲ್ಲ. ಕೆಂಪು ಕಂಡರೆ ಸಾಲಿಡ್ ಮೋಡ್‌ಗೆ, ಅಂದರೆ ಸರಳ ನೋಟಕ್ಕೆ ಬನ್ನಿ. ರೆಂಡರ್ ಟ್ಯಾಬಿನಲ್ಲಿ ಸಿಂಪ್ಲಿಫೈ ಹಾಕಿ ಸಬ್‌ಡಿವಿಷನ್ (ಮೇಲ್ಮೈ ನುಣುಪು ಮಾಡುವ ಲೆಕ್ಕ) ಇಳಿಸಿ. ಪ್ಲೇಬ್ಯಾಕ್ ಮೆನುವಿನಲ್ಲಿ ಪ್ಲೇ ಇನ್ ಅಂತ ಒಂದು ಭಾಗ ಇದೆ, ಯಾವ್ಯಾವ ಕಿಟಕಿ ಪ್ಲೇ ಆಗಬೇಕು ಅಂತ ಅಲ್ಲಿ ಹೇಳಬಹುದು, ಬೇಡದ ಟಿಕ್ ತೆಗೆದುಬಿಡಿ. ಇಷ್ಟಾದರೂ ಕೆಂಪೇ ಇದ್ದರೆ ವ್ಯೂ ಮೆನುವಿನಿಂದ ವ್ಯೂಪೋರ್ಟ್ ರೆಂಡರ್ ಅನಿಮೇಷನ್ ಮಾಡಿ, ಆಮೇಲೆ ಕಂಟ್ರೋಲ್ ಎಫ್11 ಒತ್ತಿ ನೋಡಿ. ಲೈಟು, ನೆರಳು ಚೆನ್ನಾಗಿ ಕಾಣದೇ ಇರಬಹುದು, ಟೈಮಿಂಗ್ ಮಾತ್ರ ಅಸಲಿ.

ಆಡಿಯೊ ಸ್ಕ್ರಬ್ಬಿಂಗ್ ಬಗ್ಗೆ ನನಗೆ ವಿಶೇಷ ಪ್ರೀತಿ. ಅದೇ ಪ್ಲೇಬ್ಯಾಕ್ ಮೆನುವಿನಲ್ಲಿ ಟಿಕ್ ಹಾಕಿದರೆ, ಕರ್ಸರ್ ಎಳೆದಾಗ ಆ ಜಾಗದ ಧ್ವನಿ ತುಣುಕು ತುಣುಕಾಗಿ ಕೇಳಿಸುತ್ತದೆ. ಮಾತಿಗೆ ತುಟಿ ಕೂರಿಸಲು ಇದಿಲ್ಲದೆ ಆಗುವುದೇ ಇಲ್ಲ. ನಮ್ಮ ಅಜ್ಜಿ "ಬಾರಪ್ಪ ಮಗ" ಅನ್ನುತ್ತಾರೆ. ಬ, ಪ್ಪ, ಮ, ಮೂರರಲ್ಲೂ ತುಟಿ ಮುಚ್ಚಬೇಕು. ಬ, ಮ ಅಕ್ಷರಗಳಿಗೆ 24ರ ಲೆಕ್ಕದಲ್ಲಿ ಎರಡು ಫ್ರೇಮ್ ಮುಚ್ಚಿದರೆ ನಡೆಯುತ್ತದೆ. ಒತ್ತಕ್ಷರ ಇರುವ ಪ್ಪಗೆ ಸಾಲದು, ಅಲ್ಲಿ ತುಟಿ ಒತ್ತಿ ಹಿಡಿಯುತ್ತೇವಲ್ಲ, ನನ್ನ ಕಣ್ಣಿಗೆ ಮೂರು ನಾಲ್ಕು ಫ್ರೇಮ್ ಬೇಕು. ಇಂಗ್ಲಿಷ್ ಟ್ಯುಟೋರಿಯಲ್ ನೋಡಿ ಕಲಿತವರು ಈ ಒತ್ತನ್ನು ಬಿಟ್ಟೇ ಬಿಡುತ್ತಾರೆ, ಆಗ ಪಾತ್ರ ಡಬ್ಬಿಂಗ್ ಸಿನಿಮಾದ ಥರ ಕಾಣುತ್ತದೆ. ಬಾಯಿಯ ಆಕಾರ ಧ್ವನಿಗಿಂತ ಒಂದು ಫ್ರೇಮ್ ಮೊದಲೇ ಬಂದರೂ ಚೆನ್ನ, ತಡ ಆದರೆ ಚೆನ್ನಲ್ಲ. ಇನ್ನೊಂದು ಮಾತು, ಡಬ್ಬಿಂಗ್ ವಾಟ್ಸಾಪ್‌ನಲ್ಲಿ ಬಂದರೆ ನೇರವಾಗಿ ಹಾಕಬೇಡಿ, ವೇವ್ ಫೈಲ್ ಮಾಡಿಕೊಂಡು ಹಾಕಿ.

ಒಂದೇ ಮಾತನ್ನು ಮತ್ತೆ ಮತ್ತೆ ನೋಡಬೇಕಾದಾಗ ಎಷ್ಟೋ ಜನ ಸ್ಟಾರ್ಟ್, ಎಂಡ್ ನಂಬರನ್ನೇ ಬದಲಿಸುತ್ತಾರೆ. ಆಮೇಲೆ ಮರೆತು ಅದನ್ನೇ ರೆಂಡರ್‌ಗೆ ಹಾಕುತ್ತಾರೆ, ಬೆಳಗ್ಗೆ ಎದ್ದು ನೋಡಿದರೆ ಎರಡೇ ಸೆಕೆಂಡ್ ವಿಡಿಯೊ. ಅದರ ಬದಲು ಟೈಮ್‌ಲೈನ್ ಮೇಲೆ ಮೌಸ್ ಇಟ್ಟು ಪಿ ಒತ್ತಿ, ಬೇಕಾದಷ್ಟು ಭಾಗ ಎಳೆಯಿರಿ. ಅದು ಪ್ರಿವ್ಯೂ ರೇಂಜ್, ಕೊನೆಯ ರೆಂಡರ್‌ಗೆ ಇದರ ಲೆಕ್ಕ ಇಲ್ಲ. ಸಾಕಾದರೆ ಆಲ್ಟ್ ಪಿ. ನಂಬರ್ ಬದಲು ಸೆಕೆಂಡ್ ಕಾಣಬೇಕಾದರೆ ಕಂಟ್ರೋಲ್ ಟಿ. ಒಂದು ಕೀಯಿಂದ ಇನ್ನೊಂದಕ್ಕೆ ಹಾರಲು ಮೇಲೆ ಕೆಳಗಿನ ಬಾಣದ ಕೀ. ಇವೆಲ್ಲ ಅಚ್ಚುಕಟ್ಟಾಗಿವೆ, ದೂರು ಇಲ್ಲ.

ದೂರು ಇರುವುದು ಇನ್ನೊಂದು ಕಡೆ. ಬೇಕೆಂದಾಗ ಅರ್ಧ ವೇಗದಲ್ಲಿ ಓಡಿಸಿ ನೋಡಲು ಟೈಮ್‌ಲೈನಿನಲ್ಲಿ ಒಂದು ಸ್ಲೈಡರ್ ಕೊಟ್ಟಿಲ್ಲ. ಅದೂ ಪುಕ್ಕಟೆಯೇ ಆದ, ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿಟಾದಲ್ಲಿ ಸ್ಪೀಡ್ ಅಂತ ಇದೆ, ಫ್ರೇಮ್ ಬಿಡುವ ಬಟನ್ನೂ ಕೈಗೆ ಸಿಗುವ ಹಾಗಿದೆ. ಬರೀ ಕೈಯಲ್ಲಿ ಬರೆಯುವ 2ಡಿ ಕೆಲಸ, ಚಿಕ್ಕ ವಿಡಿಯೊ ಅಂದರೆ ನಾನು ಕ್ರಿಟಾ ಅನ್ನುತ್ತೇನೆ. ಉದ್ದದ ಕಥೆ, ಮಾತು, ಕ್ಯಾಮೆರಾ ಓಡಾಟ ಇದ್ದರೆ ಬ್ಲೆಂಡರೇ ಸರಿ.

ಈ ಸೆಟ್ಟಿಂಗ್ಸ್ ಎಲ್ಲಾ ಆಯಾ ಫೈಲಿಗೆ ಅಂಟಿಕೊಂಡಿರುತ್ತವೆ. ಹೊಸ ಫೈಲ್ ತೆರೆದರೆ ಮತ್ತೆ ಹಳೇ ಕಥೆ. ಅದಕ್ಕೆ ಖಾಲಿ ಫೈಲೊಂದರಲ್ಲಿ ಎಫ್‌ಪಿಎಸ್, ಸಿಂಕ್, ಸ್ಕ್ರಬ್ಬಿಂಗ್ ಮೂರನ್ನೂ ಸರಿ ಮಾಡಿ, ಫೈಲ್ ಮೆನುವಿನ ಡಿಫಾಲ್ಟ್ಸ್ ಒಳಗೆ ಸೇವ್ ಸ್ಟಾರ್ಟಪ್ ಫೈಲ್ ಒತ್ತಿ. ಖಾಲಿ ಫೈಲಿನಲ್ಲೇ ಮಾಡಿ, ಇಲ್ಲದಿದ್ದರೆ ಪ್ರತಿ ಹೊಸ ಫೈಲಿನಲ್ಲೂ ಹಲಸಿನ ಹಣ್ಣು ಬಂದು ಕೂತಿರುತ್ತದೆ. ಹಳೆಯ ಫೈಲ್‌ಗಳಿಗೆ ಇದರಿಂದ ಏನೂ ಆಗುವುದಿಲ್ಲ, ಅವನ್ನು ಒಂದೊಂದಾಗಿ ತೆರೆದೇ ಬದಲಿಸಬೇಕು.