ಒಂದೇ ಒಂದು ಸಾಲು ಕೋಡ್ ಅಂದರು, ಹಾಕಿಬಿಟ್ಟೆ

ನಿಮ್ಮ ಬ್ಲಾಗಿನಲ್ಲಿ ಜಾಹೀರಾತಿಗೆ ಜಾಗ ಬೇಕು, ಮಧ್ಯವರ್ತಿ ಯಾರೂ ಬೇಡ, ನೇರವಾಗಿ ನಿಮಗೇ ದುಡ್ಡು ಕೊಡುತ್ತೇವೆ ಅಂತ ಮೇಲ್ ಬಂದಿದೆಯಾ? ಉತ್ತರ ಬರೆಯುವ ಮುಂಚೆ ಇದನ್ನು ಓದಿಬಿಡಿ. ನನಗೂ ಬಂದಿತ್ತು. ಹತ್ತೇ ನಿಮಿಷದಲ್ಲಿ ಉತ್ತರ ಬರೆದಿದ್ದೆ. ಆ ಹತ್ತು ನಿಮಿಷ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನದು ಸಣ್ಣ ಬ್ಲಾಗ್. ಹಳೇ ರೀಲು ಕ್ಯಾಮೆರಾಗಳನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವುದರ ಬಗ್ಗೆ ಬರೆಯುತ್ತೇನೆ. ಒಂಬತ್ತು ವರ್ಷ ಆಯಿತು. ಓದುವವರು ಕಡಿಮೆ, ಆದರೆ ಬಂದವರು ಮತ್ತೆ ಮತ್ತೆ ಬರುತ್ತಾರೆ. ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್ ಹಾಕಿ ನೋಡಿದ್ದೆ. ಅಲ್ಲಿ ಲೆಕ್ಕ 100 ಡಾಲರ್ ಮುಟ್ಟುವ ತನಕ ದುಡ್ಡು ಕೈಗೆ ಬರುವುದಿಲ್ಲ, ಗೊತ್ತಲ್ಲ. ನನ್ನ ಲೆಕ್ಕ ತೆವಳಿಕೊಂಡು ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಈ ಮೇಲ್.

"ನಿಮ್ಮ ಬರಹ ತುಂಬಾ ಇಷ್ಟವಾಯಿತು" ಅಂತ ಶುರು. ಶಟರ್ ಬ್ಲೇಡಿಗೆ ಎಣ್ಣೆ ಇಳಿಯುವುದರ ಬಗ್ಗೆ ನಾನು ಬರೆದಿದ್ದ ಒಂದು ಬರಹದ ಹೆಸರನ್ನೂ ಹೇಳಿದ್ದ. ಪರವಾಗಿಲ್ಲ, ಓದಿದ್ದಾನೆ ಅಂದುಕೊಂಡೆ. ಎಲ್ಲಿ ಓದುತ್ತಾನೆ! ಶೀರ್ಷಿಕೆ ಕಾಪಿ ಮಾಡಿ ಅಂಟಿಸಿದ್ದ, ಅಷ್ಟೇ. ತಾನು ಕ್ಯಾಮೆರಾ ಬ್ಯಾಗ್ ಮಾರುವ ಕಂಪನಿಯ ಏಜೆಂಟ್, ಸೈಡ್‌ಬಾರಿನಲ್ಲಿ 300×250 ಪಿಕ್ಸೆಲ್ ಜಾಗ ಬೇಕು, ಆರು ತಿಂಗಳಿಗೆ, ದರ ನೀವೇ ಹೇಳಿ ಅಂದ. ನಾನು ಹೆದರುತ್ತಲೇ ಒಂದು ದರ ಹೇಳಿದೆ. ಒಂದು ಮಾತೂ ಚೌಕಾಸಿ ಮಾಡದೆ ಒಪ್ಪಿಕೊಂಡ. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ನನಗೆ ಬಂದಿದ್ದು ಹೊಟ್ಟೆಯುರಿ. ಛೆ, ಇನ್ನೂ ಜಾಸ್ತಿ ಕೇಳಬಹುದಿತ್ತಲ್ಲ ಅಂತ.

ಇಂಥ ವ್ಯವಹಾರ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಅಂತ ನಿಮಗೇ ಗೊತ್ತು. ಅವರು ಒಂದು ಚಿತ್ರ ಕಳಿಸುತ್ತಾರೆ, ಒಂದು ಲಿಂಕ್ ಕೊಡುತ್ತಾರೆ. ಚಿತ್ರವನ್ನು ನಮ್ಮ ಬ್ಲಾಗಿಗೇ ಅಪ್‌ಲೋಡ್ ಮಾಡಿ ಲಿಂಕ್ ಕೊಟ್ಟರೆ ಕೆಲಸ ಮುಗಿಯಿತು. ಇವನು ಚಿತ್ರ ಕಳಿಸಲೇ ಇಲ್ಲ. ಒಂದು ಸಾಲಿನ ಸ್ಕ್ರಿಪ್ಟ್ ಕಳಿಸಿದ, ಅಂದರೆ ಪುಟ ತೆರೆದಾಗ ತಾನಾಗೇ ಓಡುವ ಕೋಡ್. "ಎಷ್ಟು ಜನ ನೋಡಿದರು ಅಂತ ಎಣಿಸಬೇಕು, ಎಲ್ಲರೂ ಹೀಗೇ ಮಾಡುತ್ತಾರೆ" ಅಂದ. ಕ್ಲಿಕ್ ಎಣಿಸಲು ಲಿಂಕಿನ ಬಾಲಕ್ಕೆ ಒಂದು ಯುಟಿಎಂ ಟ್ಯಾಗ್, ಅಂದರೆ ಎಲ್ಲಿಂದ ಬಂದರು ಅಂತ ಹೇಳುವ ಗುರುತು, ಸಿಕ್ಕಿಸಿದರೆ ಸಾಕು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ಇದ್ದೆ. ಮೊದಲ ತಿಂಗಳ ದುಡ್ಡು ಆಗಲೇ ಬಂದುಬಿಟ್ಟಿತ್ತು ನೋಡಿ. ಬ್ಲಾಗಿನಲ್ಲಿ ಕೋಡ್ ಹಾಕುವ ಜಾಗ, ಕಸ್ಟಮ್ ಎಚ್‌ಟಿಎಂಎಲ್ ವಿಜೆಟ್ ತೆರೆದು, ನನ್ನ ಕೈಯಾರೆ, ಆ ಸಾಲು ಅಂಟಿಸಿ ಸೇವ್ ಒತ್ತಿದೆ. ಬ್ಯಾಗಿನ ಚಿತ್ರ ಬಂತು. ಚೆನ್ನಾಗಿಯೇ ಇತ್ತು. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಬೇರೆ ಕಳಿಸಿದೆ, ನೋಡಿ ನನಗೂ ಜಾಹೀರಾತು ಬಂತು ಅಂತ.

ಸ್ಕ್ರಿಪ್ಟ್ ಹಾಕುವುದು ಅಂದರೆ ಅವರ ಸರ್ವರಿನಿಂದ ಏನೇ ಬರಲಿ, ನನ್ನ ಪುಟದಲ್ಲಿ ಓಡಲಿ ಅಂತ ಬರೆದುಕೊಟ್ಟ ಹಾಗೆ. ಇವತ್ತು ಬ್ಯಾಗಿನ ಚಿತ್ರ ಬರುತ್ತದೆ. ನಾಳೆ ಏನು ಬರಬೇಕು ಅನ್ನೋದು ಅವರ ಇಷ್ಟ. ನನ್ನ ಕಡೆ ಒಂದಕ್ಷರವೂ ಬದಲಾಗುವುದಿಲ್ಲ, ಹಾಗಾಗಿ ನನಗೆ ಗೊತ್ತೂ ಆಗುವುದಿಲ್ಲ.

ಐದು ವಾರ ಎಲ್ಲ ಸರಿ ಇತ್ತು. ಎರಡನೇ ತಿಂಗಳ ದುಡ್ಡೂ ಬಂತು. ಆಮೇಲೆ ಹಳೇ ಓದುಗರೊಬ್ಬರು ಬರೆದರು. ವಯಸ್ಸಾದವರು, ಮೊದಲಿನಿಂದ ಓದುತ್ತಾ ಬಂದವರು. "ಫೋನಿನಲ್ಲಿ ನಿಮ್ಮ ಬ್ಲಾಗ್ ತೆರೆದರೆ 'ನೀವು ಬಹುಮಾನ ಗೆದ್ದಿದ್ದೀರಿ' ಅಂತ ಬೇರೆ ಏನೋ ಬಂತು. ಹಿಂದಕ್ಕೆ ಹೋಗಲೂ ಆಗಲಿಲ್ಲ. ಮತ್ತೆ ತೆರೆದರೆ ಇಲ್ಲ." ನಾನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಸರಿ ಇತ್ತು. ಫೋನಿನಲ್ಲಿ ವಿಳಾಸ ಟೈಪ್ ಮಾಡಿ ನೋಡಿದೆ. ಅಲ್ಲೂ ಸರಿ ಇತ್ತು. ಆಗ ಅವರಿಗೆ ನಾನು ಬರೆದ ಉತ್ತರ ಇದು, ಹೇಳಲು ನಾಚಿಕೆ ಆಗುತ್ತದೆ: "ಸರ್, ನಿಮ್ಮ ಫೋನಿನಲ್ಲೇ ವೈರಸ್ ಇರಬೇಕು. ಒಮ್ಮೆ ರೀಸೆಟ್ ಮಾಡಿಸಿಬಿಡಿ."

ಅವರು ಮಾಡಿಸಿದರು.

ಮೂರು ದಿನ ಬಿಟ್ಟು ಮತ್ತೆ ಮೇಲ್. "ರೀಸೆಟ್ ಮಾಡಿಸಿದೆ. ಮತ್ತೆ ಬಂತು. ಬೇರೆ ಎಲ್ಲೂ ಬರುವುದಿಲ್ಲ, ನಿಮ್ಮ ಬ್ಲಾಗಿನಲ್ಲಿ ಮಾತ್ರ." ಜೊತೆಗೆ ಸ್ಕ್ರೀನ್‌ಶಾಟ್. ಅದನ್ನು ನೋಡಿದಾಗ ಕಿವಿ ಬಿಸಿಯಾಯಿತು. ಫೋನಿನಲ್ಲಿ ಪ್ರೈವೇಟ್ ಟ್ಯಾಬ್ ತೆರೆದು, ಗೂಗಲ್‌ನಲ್ಲಿ ನನ್ನದೇ ಬರಹ ಹುಡುಕಿ, ಅಲ್ಲಿಂದ ಒಳಗೆ ಹೋದೆ. ಒಂದು ಸೆಕೆಂಡ್ ನನ್ನ ಪುಟ. ಆಮೇಲೆ ಬಹುಮಾನ, ತಿರುಗುವ ಚಕ್ರ, ಕಾರ್ಡ್ ನಂಬರ್ ಕೇಳುವ ಜಾಗ. ನನ್ನ ಬ್ಲಾಗಿನಿಂದ! ಒಂಬತ್ತು ವರ್ಷ ಬರೆದ ಬ್ಲಾಗಿನಿಂದ!

ಹುಡುಕಿ ನೋಡಿದ ಮೇಲೆ ಲೆಕ್ಕ ಸಿಕ್ಕಿತು. ಫೋನಿನಲ್ಲಿ ಬಂದವರಿಗೆ ಮಾತ್ರ, ಸರ್ಚ್‌ನಿಂದ ಬಂದವರಿಗೆ ಮಾತ್ರ, ಅದೂ ಒಬ್ಬರಿಗೆ ಒಂದೇ ಸಲ. ಒಮ್ಮೆ ತೋರಿಸಿ, ಬ್ರೌಸರಿನಲ್ಲಿ ಕುಕಿ ಅನ್ನೋ ಚಿಕ್ಕ ಕಡತ ಹಾಕಿ ಗುರುತು ಇಟ್ಟುಕೊಳ್ಳುತ್ತಿತ್ತು. ಬ್ಲಾಗಿನ ಮಾಲೀಕ ವಿಳಾಸ ಟೈಪ್ ಮಾಡಿಕೊಂಡೇ ಬರುತ್ತಾನೆ, ಅವನ ಕಣ್ಣಿಗೆ ಯಾವತ್ತೂ ಬೀಳಬಾರದು ಅಂತಲೇ ಮಾಡಿದ್ದು. ಪಾಪ, ಆ ಹಿರಿಯರ ಫೋನ್ ರೀಸೆಟ್ ಆದಾಗ ಕುಕಿ ಅಳಿಸಿಹೋಯಿತು. ಸ್ಕ್ರಿಪ್ಟಿನ ಲೆಕ್ಕದಲ್ಲಿ ಅವರು ಮತ್ತೆ ಹೊಸ ಗಿರಾಕಿ. ನನ್ನ ಸಲಹೆಯಿಂದಲೇ ಎರಡನೇ ಸಲ ಸಿಕ್ಕಿಕೊಂಡರು.

ಈಗ ಏಜೆಂಟ್ ಕೊಟ್ಟ ಉತ್ತರಗಳನ್ನು ಕೇಳಿ. ಮೊದಲ ಮೇಲಿಗೆ: "ನಮ್ಮ ಕಡೆ ಎಲ್ಲ ಸರಿ ಇದೆ. ನಿಮ್ಮ ಥೀಮ್ ಚೆಕ್ ಮಾಡಿಸಿ." ನಾನು ವಿಡಿಯೋ ಮಾಡಿ ಕಳಿಸಿದೆ. ಎರಡು ದಿನ ಬಿಟ್ಟು ಬಂದಿದ್ದು: "ಅದು ನಮ್ಮ ಪಾಲುದಾರರ ಜಾಹೀರಾತು ಇರಬಹುದು. ಬ್ಯಾಗಿನ ಜಾಹೀರಾತು ಖಾಲಿಯಾದಾಗ ಜಾಗ ತುಂಬಲು ಹಾಕುತ್ತೇವೆ." ಪಾಲುದಾರರಂತೆ! ಯಾವ ಪಾಲುದಾರರು, ನನಗೆ ಯಾವಾಗ ಹೇಳಿದಿರಿ ಅಂತ ಕೇಳಿದೆ. ಮೂರನೇ ಉತ್ತರ ನನಗೆ ಬಾಯಿಪಾಠ ಆಗಿದೆ: "ನೀವು ಜಾಗ ಮಾರಿದ್ದೀರಿ. ಅಲ್ಲಿ ಏನು ತೋರಿಸಬೇಕು ಅನ್ನುವುದು ಕೊಂಡವರ ಹಕ್ಕು." ಕೊನೆಗೊಂದು ನಗುವ ಮುಖ. ಆ ನಗುವ ಮುಖ ನೋಡಿ ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದೆ. ಬೈಗುಳವಾದರೂ ತಡೆದುಕೊಳ್ಳುತ್ತಿದ್ದೆನೇನೋ.

ಸ್ಕ್ರಿಪ್ಟ್ ಕಿತ್ತುಹಾಕಿದೆ. ಆದರೆ ತಡವಾಗಿತ್ತು. ಅದೇ ವಾರ ಕ್ರೋಮ್‌ನಲ್ಲಿ ನನ್ನ ಬ್ಲಾಗ್ ತೆರೆದರೆ ಪರದೆ ತುಂಬಾ ಕೆಂಪು, ಇದು ಮೋಸದ ತಾಣ, ಮುಂದೆ ಹೋಗಬೇಡಿ ಅಂತ. ಅಪಾಯದ ತಾಣಗಳ ಪಟ್ಟಿ ಇಡುವ ಗೂಗಲ್ ಸೇಫ್ ಬ್ರೌಸಿಂಗ್‌ನಲ್ಲಿ ನನ್ನ ಬ್ಲಾಗೂ ಸೇರಿತ್ತು. ತಾಣದ ಮಾಲೀಕರಿಗೆ ಅಂತ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ಗೆ ಹೋಗಿ, ಏನಾಯಿತು, ಏನು ತೆಗೆದೆ ಅಂತೆಲ್ಲ ಬರೆದು, ಮರುಪರಿಶೀಲನೆ ಕೇಳಿ, ಕಾದು, ಕೊನೆಗೆ ಕೆಂಪು ಹೋಯಿತು. ಓಡಿಹೋದ ಓದುಗರು ಅಷ್ಟು ಸುಲಭಕ್ಕೆ ಬರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಹನ್ನೊಂದು ದಿನ ಬಿಟ್ಟು ಎರಡೂ ತಿಂಗಳ ಹಣ ನನ್ನ ಖಾತೆಯಿಂದ ವಾಪಸ್! "ಸೇವೆ ಸಿಕ್ಕಿಲ್ಲ" ಅಂತ ಅವನು ದೂರು ಕೊಟ್ಟಿದ್ದ. ನನ್ನ ಓದುಗರ ತಲೆ ಸವರಿದವನಿಗೆ ಸೇವೆ ಸಿಕ್ಕಿಲ್ಲವಂತೆ! ಮೇಲೆ ತಕರಾರಿನ ಶುಲ್ಕವೂ ನನ್ನ ತಲೆಗೇ ಬಂತು. ಪೇಪಾಲ್ ಅನ್ನೋ ಆನ್‌ಲೈನ್ ಪಾವತಿ ಸೇವೆಯಲ್ಲಿ ಹಣ ಕೊಟ್ಟವರು 180 ದಿನಗಳ ಒಳಗೆ ತಕರಾರು ಎತ್ತಬಹುದು. ಬಂದ ದುಡ್ಡು ನನ್ನದೇ ಅಂದುಕೊಂಡು ಖರ್ಚು ಮಾಡಿದ್ದೆ. ಜಾಹೀರಾತು ಹಾಕಿದ್ದೆ ಅನ್ನುವುದಕ್ಕೆ ಏನು ಸಾಕ್ಷಿ ಅಂತ ಪಾವತಿ ಸೇವೆಯವರು ಕೇಳಿದರು. ನನ್ನ ಹತ್ತಿರ ಇದ್ದದ್ದು ಗೆಳೆಯರಿಗೆ ಜಂಬಕ್ಕೆ ಕಳಿಸಿದ ಒಂದು ಸ್ಕ್ರೀನ್‌ಶಾಟ್. ಎಷ್ಟು ದಿನ, ಏನು ತೋರಿಸಬೇಕು, ಯಾವಾಗ ತೆಗೆಯಬಹುದು ಅಂತ ಬರೆದಿಟ್ಟ ಒಂದು ಕಾಗದವೂ ಇರಲಿಲ್ಲ.

ಇನ್ನೊಂದು ಮರೆತಿದ್ದೆ. ಬ್ಯಾನರಿನ ಕೆಳಗೆ ಒಂದು ಲಿಂಕ್ ಹಾಕಿ, ಅದಕ್ಕೆ ನೋಫಾಲೋ (ಈ ಲಿಂಕಿಗೆ ಬೆಲೆ ಕೊಡಬೇಡ ಅಂತ ಗೂಗಲ್‌ಗೆ ಹೇಳುವ ಗುರುತು) ಇರಬಾರದು ಅಂತಲೂ ಕೇಳಿದ್ದ. ಅದನ್ನೂ ಒಪ್ಪಿದ್ದೆ, ಪುಣ್ಯಾತ್ಮ ನಾನು. ದುಡ್ಡು ಪಡೆದು ಹಾಕಿದ ಲಿಂಕಿಗೆ ನೋಫಾಲೋ ಅಥವಾ ಸ್ಪಾನ್ಸರ್ಡ್ ಗುರುತು ಇರಬೇಕು ಅನ್ನುವುದು ಗೂಗಲ್ ನಿಯಮ. ಸ್ಪಾನ್ಸರ್ಡ್ ಅನ್ನೋ ಗುರುತು ಬಂದಿದ್ದೇ 2019ರಲ್ಲಿ. ಬ್ಲಾಗ್ ಬರೆಯುವ ನನಗೆ ಅದು ಗೊತ್ತಿಲ್ಲ ಅಂತ ಹೇಳಲು ಮುಖ ಇಲ್ಲ. ಬೇರೆ ಶಿಕ್ಷೆ ಬೀಳುವ ಮುಂಚೆ ಅದನ್ನೂ ತೆಗೆದೆ.

ಜಾಗ ಮಾರಲೇಬೇಡಿ ಅಂತ ಹೇಳುತ್ತಿಲ್ಲ. ಚಿತ್ರ ಕೇಳಿ, ಚಿತ್ರ ಮಾತ್ರ. ಲಿಂಕ್ ಎಲ್ಲಿಗೆ ಹೋಗುತ್ತದೆ ಅಂತ ವಾರಕ್ಕೊಮ್ಮೆ ನೀವೇ ಒತ್ತಿ ನೋಡಿ, ಆ ತುದಿಯನ್ನೂ ಅವರು ಬದಲಾಯಿಸಬಹುದು. ಸ್ಕ್ರಿಪ್ಟ್ ಬೇಕೇ ಬೇಕು ಅಂದರೆ ನಮಸ್ಕಾರ ಹೇಳಿ ಕಳಿಸಿ. ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಂದ ದುಡ್ಡನ್ನು ಆರು ತಿಂಗಳು ಮುಟ್ಟಬೇಡಿ. ನಗುವ ಮುಖ ಹಾಕಿ ವ್ಯವಹಾರ ಮಾಡುವವರನ್ನಂತೂ ನಾನು ಇನ್ನು ನಂಬುವುದಿಲ್ಲ, ನಿಮ್ಮಿಷ್ಟ.

ಆ ಹಿರಿಯರಿಗೆ ಕ್ಷಮೆ ಕೇಳಿ ಬರೆದೆ. "ಕೆಲವು ಫೋಟೋ ಹೋದವು, ಇರಲಿ ಬಿಡಿ" ಅಂದರು. ಆಮೇಲೆ ಅವರ ಸುದ್ದಿ ಇಲ್ಲ.

ಯಾರಾದರೂ ಕೊಟ್ಟ ಸ್ಕ್ರಿಪ್ಟ್ ನಿಮ್ಮ ಬ್ಲಾಗಿನಲ್ಲಿ ಈಗಾಗಲೇ ಇದ್ದರೆ, ಈಗಲೇ ಫೋನ್ ತೆಗೆದುಕೊಂಡು, ಪ್ರೈವೇಟ್ ಟ್ಯಾಬ್ ತೆರೆದು, ಸರ್ಚ್ ಮಾಡಿಕೊಂಡು ಒಳಗೆ ಹೋಗಿ. ವೈಫೈಯಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ. ಲ್ಯಾಪ್‌ಟಾಪಿನಲ್ಲಿ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ.