ಮೂರು ಹಂಗಾಮು ಬಳಸಿದ ತಲೆಬ್ಯಾಟ್ರಿ: ಕರಡಿ ಸೀಮೆಯಲ್ಲಿ ಒಂದು ಬಟನ್ನಿನ ಕಾಟ

ಹಣೆಗೆ ಕಟ್ಟುವ ಈ ತಲೆಬ್ಯಾಟ್ರಿಯಲ್ಲಿ ಕೆಟ್ಟದ್ದೆಂದರೆ ಬಟನ್ನು. ಒಮ್ಮೆ ಒತ್ತಿದರೆ ಪೂರ್ತಿ ಬೆಳಕು, ಎರಡನೆಯದಕ್ಕೆ ಮಂದ, ಮೂರನೆಯದಕ್ಕೆ ಮಿಣಮಿಣ, ನಾಲ್ಕನೆಯದಕ್ಕೆ ಕತ್ತಲು. ಅಂಗಡಿಯಲ್ಲಿ ಇದನ್ನೇ ‘ತ್ರೀ ಮೋಡ್’ ಎಂದು ಹೊಗಳಿ ಮಾರುತ್ತಾರೆ. ಮಂದ ಬೆಳಕಲ್ಲಿ ಮೋಟರಿನ ಸ್ಟಾರ್ಟರ್ ಡಬ್ಬಿ ತೆರೆದು ನಿಂತಿರುವಾಗ ಬದುವಿನ ಮಟ್ಟಿಯೊಳಗೆ ಏನೋ ಸರಿದಾಡಿತು ಅನ್ನಿ. ಪೂರ್ತಿ ಬೆಳಕಿಗೆ ಹೋಗಲು ಮಿಣಮಿಣವನ್ನೂ ಕತ್ತಲನ್ನೂ ದಾಟಬೇಕು, ಅಂದರೆ ಮೂರು ಒತ್ತು. ಗಾಬರಿಯಲ್ಲಿ ನಾಲ್ಕಾದರೆ ಮತ್ತೆ ಮಂದಕ್ಕೇ ವಾಪಸ್. ಬೆಳಕು ಬೇಕಾದ ಗಳಿಗೆಯಲ್ಲೇ ಕತ್ತಲು ಮಾಡುವ ದೀಪವನ್ನು ಯಾವ ಪುಣ್ಯಾತ್ಮ ಯೋಚಿಸಿದನೋ!

ಲುಮೆನ್ನು, ವ್ಯಾಟು, ಕಿಲೋಮೀಟರಿನ ಲೆಕ್ಕವೆಲ್ಲ ಡಬ್ಬಿಯ ಮೇಲೇ ಇದೆ, ಅದನ್ನು ನಂಬುವವರು ನಂಬಲಿ. 450 ರೂಪಾಯಿಯ ಹೆಸರಿಲ್ಲದ ಮಾಲು. ಕೆಲಸ ಒಂದೇ: ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದಾಗ ಹೊಲಕ್ಕೆ ಹೋಗಿ ಮೋಟರ್ ಹಾಕಿ, ಮಡಿ ತಿರುವಿ ಬರುವುದು. ಸಂಡೂರು ತಾಲೂಕಿನ ದರೋಜಿ ಕಡೆ ಅದು ಸಣ್ಣ ಕೆಲಸವಲ್ಲ. ಕರಡಿಧಾಮ ಆಗಿದ್ದು 1994ರಲ್ಲಿ, ವಿಸ್ತೀರ್ಣ ಸುಮಾರು 82 ಚದರ ಕಿಲೋಮೀಟರ್. ಆದರೆ ಶೇಂಗಾ, ಮೆಕ್ಕೆಜೋಳ, ಕಲ್ಲಂಗಡಿಯ ವಾಸನೆಗೆ ಗಡಿಕಲ್ಲು ಎಲ್ಲಿಯದು? ಗಂಗಾವತಿ ಕಡೆಯ ಕಲ್ಲುಗುಡ್ಡಗಳ ಬುಡದ ಹೊಲಗಳಲ್ಲೂ ಇದೇ ಪಾಡು.

ಕರಡಿ ಅಂದ ಕೂಡಲೇ ಪಿಸ್ತೂಲಿನ ಮಾತು ಬಂದೇ ಬರುತ್ತದೆ. ಅಮೆರಿಕದವರು 10 ಎಂಎಂ ಮೇಲೋ .44 ಮ್ಯಾಗ್ನಂ ಮೇಲೋ ಎಂದು ಜಗಳವಾಡುವುದನ್ನು ಫೋನಿನಲ್ಲಿ ನೋಡಿ ಇಲ್ಲಿಯೂ ಕೇಳುವವರಿದ್ದಾರೆ. ಅವರದು ಗ್ರಿಜ್ಲಿ. ದಪ್ಪ ಎಲುಬು, ದಪ್ಪ ಕೊಬ್ಬು. ಅದಕ್ಕೇ ಅವರು ಅರಳುವ ಗುಂಡು ಬಿಟ್ಟು, ಆಳಕ್ಕಿಳಿಯುವ ಗಟ್ಟಿ ಸೀಸದ ಭಾರದ ಗುಂಡು ಹುಡುಕುತ್ತಾರೆ. .44 ಮ್ಯಾಗ್ನಂ ಗುಂಡಿನ ಹೊಡೆತದ ಶಕ್ತಿ 1,200 ಜೂಲ್ ದಾಟುತ್ತದೆ, 10 ಎಂಎಂನದು 800ರ ಆಸುಪಾಸು. ನಮ್ಮಲ್ಲಿ 9 ಎಂಎಂ ಕೂಡ ಸಾಮಾನ್ಯರಿಗೆ ನಿಷಿದ್ಧ ಬೋರ್ (ನಳಿಕೆಯ ಅಳತೆ). ಲೈಸೆನ್ಸ್ ಸಿಕ್ಕರೂ ಹೆಚ್ಚಾಗಿ ಕೈಗೆ ಬರುವುದು .32 ರಿವಾಲ್ವರ್, ಅದರ ಹೊಡೆತ 200 ಜೂಲನ್ನೂ ಮುಟ್ಟುವುದಿಲ್ಲ, ಬೆಲೆ ಮಾತ್ರ ಲಕ್ಷದ ಆಚೀಚೆ. ನೂರು ಕಿಲೋ ತೂಗುವ ಗಂಡು ಕರಡಿಗೆ ಅದರಿಂದ ಗಾಯವಾದರೆ ಸಿಟ್ಟು ಹೆಚ್ಚುತ್ತದೆ, ನಿಲ್ಲುವ ಭರವಸೆಯಿಲ್ಲ.

ಬೋರಿಗಿಂತ ದೊಡ್ಡ ತೊಡಕು ಅಂತರದ್ದು. ನಮ್ಮ ಕರಡಿಗೆ ಕಣ್ಣು, ಕಿವಿ ಎರಡೂ ಅಷ್ಟಕ್ಕಷ್ಟೆ. ಹುತ್ತ ಕೆದರಿ ಗೆದ್ದಲು ಹೀರುವಾಗ ಅದರ ಸದ್ದೇ ಅದಕ್ಕೆ ಅಡ್ಡ. ಹತ್ತು ಹೆಜ್ಜೆಯೊಳಗೆ ಮನುಷ್ಯ ಬಂದ ಮೇಲೆ ಬೆಚ್ಚುತ್ತದೆ, ಬೆಚ್ಚಿದರೆ ಓಡುವುದಕ್ಕಿಂತ ಮೈಮೇಲೆ ಬರುವುದೇ ಹೆಚ್ಚು, ಮುಖಕ್ಕೇ ಕೈಹಾಕುತ್ತದೆ. ಆ ದೂರ ದಾಟಲು ಅದಕ್ಕೆ ಸೆಕೆಂಡಿನಷ್ಟು ಸಾಕು. ಸೊಂಟದಿಂದ ರಿವಾಲ್ವರ್ ಕಿತ್ತು ಗುರಿ ಹಿಡಿಯಲು ಪಳಗಿದ ಕೈಗೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. 1972ರ ವನ್ಯಜೀವಿ ಕಾಯ್ದೆಯಲ್ಲಿ ಕರಡಿ ಮೊದಲನೇ ಅನುಸೂಚಿಯ ಪ್ರಾಣಿ. ಜೀವ ಉಳಿಸಿಕೊಳ್ಳಲು ಕೊಂದದ್ದು ಅಪರಾಧವಲ್ಲ ಎಂಬ ಕಲಂ ಇದೆ ನಿಜ, ಬೆಳೆ ಉಳಿಸಲು ಕೊಂದದ್ದಕ್ಕೆ ಅದು ಒದಗುವುದಿಲ್ಲ. ಹಾಗಾಗಿ ಮಾಡಬೇಕಾದದ್ದು ಅದನ್ನು ಬೆಚ್ಚಿಸದಿರುವುದು: ಅದಕ್ಕೆ ನಾವು ಮೊದಲೇ ಗೊತ್ತಾಗಬೇಕು, ನಮಗೆ ಅದು ಮೊದಲೇ ಕಾಣಬೇಕು.

ಕಾಣುವ ವಿಷಯಕ್ಕೆ ಬಂದರೆ, ಜೂಮ್ ಇರುವ ಕೈಬ್ಯಾಟ್ರಿ ಇಲ್ಲಿ ದಂಡ. ಕಿರಿದಾಗಿಸಿದರೆ ದೂರದ ಬೇವಿನ ಮರದ ಮೇಲೆ ಚೌಕಾಕಾರದ ಬೆಳಕು ಬೀಳುತ್ತದೆ, ಕಾಲ ಬುಡದ ಬದು ಕತ್ತಲಲ್ಲೇ ಉಳಿಯುತ್ತದೆ. ಈ ತಲೆಬ್ಯಾಟ್ರಿಯ ಬೆಳಕು ಅಗಲ, ನಲವತ್ತು ಹೆಜ್ಜೆಯವರೆಗೆ ಎಡಬಲ ಎರಡೂ ಕಾಣುತ್ತದೆ. ಕರಡಿಯ ಕರಿ ಜೂಲುಗೂದಲು ಬೆಳಕನ್ನು ನುಂಗಿಬಿಡುತ್ತದೆ, ಮೈ ಹುಡುಕಬೇಡಿ. ಬೂದು-ಬಿಳಿ ಮೂತಿ, ಎದೆಯ ಬಿಳಿ ಪಟ್ಟೆ, ಕಣ್ಣಿನ ಹೊಳಪು, ಇಷ್ಟು ಹುಡುಕಿ. ಬೆಳಕು ಹಣೆಯ ಮೇಲಿರುವುದರಿಂದ ಆ ಹೊಳಪು ನೇರ ನಮ್ಮ ಕಣ್ಣಿಗೇ ಮರಳುತ್ತದೆ. ಸೊಂಟದ ಮಟ್ಟದಲ್ಲಿ ಹಿಡಿದ ಬ್ಯಾಟ್ರಿಯಲ್ಲಿ ಅದು ಅಷ್ಟು ಚೆನ್ನಾಗಿ ಬರುವುದಿಲ್ಲ.

ಸಂಜೆಯ ಪದ್ಧತಿ ಹೀಗೆ. ಮಧ್ಯಾಹ್ನವೇ ಚಾರ್ಜಿಗೆ ಹಾಕಿ, ಹಸಿರು ದೀಪ ಬಂದ ಮೇಲೆ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ನೋಡುವುದು. ಬೆವರಿನ ಉಪ್ಪು ಕೂತಿದ್ದರೆ ಪೆನ್ಸಿಲ್ ರಬ್ಬರಿನಿಂದ ತಿಕ್ಕಿದರೆ ಸಾಕು, ನಡೆಯುವಾಗ ಬೆಳಕು ಕಣ್ಣುಮಿಟುಕಿಸುವುದಕ್ಕೆ ಮುಕ್ಕಾಲು ಪಾಲು ಕಾರಣ ಇದೇ. ಹಣೆಗೆ ಟವೆಲ್ ಸುತ್ತಿ ಅದರ ಮೇಲೆ ಪಟ್ಟಿ ಕಟ್ಟಿದರೆ ಎಲಾಸ್ಟಿಕ್ ಒಂದು ಹಂಗಾಮು ಹೆಚ್ಚು ಬಾಳುತ್ತದೆ. ಹೊಲದ ಬಾಯಲ್ಲಿ ನಿಂತು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ನಿಧಾನವಾಗಿ ತಲೆ ತಿರುಗಿಸಿ, ಕೆಮ್ಮಿ, ಕೋಲಿನಿಂದ ಕಲ್ಲು ಕುಟ್ಟಿ, ಜೋರಾಗಿ ಮಾತಾಡುತ್ತಲೇ ಒಳಗೆ ಕಾಲಿಡುವುದು. ಜತೆಗೆ ಯಾರೂ ಇಲ್ಲದಿದ್ದರೆ ಫೋನಿನಲ್ಲಿ ಹಂತಿ ಪದ ಹಚ್ಚಿದರೂ ನಡೆಯುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಮರಿಯಿರುವ ತಾಯಿ ಓಡಾಡುವ ಕಾಲ, ಆಗ ಇದರಲ್ಲಿ ಒಂದನ್ನೂ ಬಿಡುವಂತಿಲ್ಲ.

ಜತೆಗೆ ಬಂದ ಸೆಲ್ ಮೋಸದ್ದು. ಮೇಲೆ 9900 ಎಂಎಎಚ್ (ಸೆಲ್ಲಿನಲ್ಲಿ ಎಷ್ಟು ಚಾರ್ಜು ಹಿಡಿಯುತ್ತದೆಂಬ ಅಳತೆ) ಎಂದು ಬರೆದಿದೆ. 18650 ಅಳತೆಯ ಒಳ್ಳೆಯ ಸೆಲ್ಲಿಗೂ 3500ರ ಆಸುಪಾಸೇ ಮಿತಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಗೊತ್ತಾಗುತ್ತದೆ: ಅಸಲಿ ಸೆಲ್ 45 ಗ್ರಾಂ ಸುತ್ತಮುತ್ತ ತೂಗುತ್ತದೆ, 30 ಗ್ರಾಂ ಇದ್ದರೆ ಎತ್ತಿ ಎಸೆಯಿರಿ. ಪೂರ್ತಿ ಬರಿದಾಗದಂತೆ ತಡೆಯುವ ಪ್ರೊಟೆಕ್ಷನ್ ಸರ್ಕ್ಯೂಟ್ ಇರುವ 2500 ಎಂಎಎಚ್ ಸೆಲ್ ಹಾಕಿದ ಮೇಲೆ ಪೂರ್ತಿ ಬೆಳಕೇ ನಾಲ್ಕು ತಾಸು ಬರುತ್ತದೆ. ಹಳೆಯ ಸೀಸದ ಬ್ಯಾಟ್ರಿಗಳಂತೆ ಮಳೆಗಾಲವೆಲ್ಲ ಗೂಟಕ್ಕೆ ನೇತುಹಾಕಿ, ತೆಗೆದಾಗ ಸತ್ತಿರುವ ಗೋಳೂ ಇಲ್ಲ.

ಬಟನ್ನಿಗೆ ಮದ್ದು ಇದೆ, ಖರ್ಚು ಮೂವತ್ತು ರೂಪಾಯಿಯೊಳಗೆ. ಸೆಲ್ ತೆಗೆದಿಟ್ಟೇ ಕೈಹಾಕಿ. ಮುಂದಿನ ಗಾಜು ಬಿಚ್ಚಿ ಎಲ್‌ಇಡಿಯ ಎರಡೂ ವೈರನ್ನು ಬೋರ್ಡಿನಿಂದ ಬೇರ್ಪಡಿಸಿ. ಸೆಲ್ಲಿನ ಪ್ಲಸ್ಸಿನಿಂದ ಒಂದು ಸಣ್ಣ ರಾಕರ್ ಸ್ವಿಚ್ (ಆನ್-ಆಫ್ ಮಾತ್ರ ಇರುವಂಥದ್ದು), ಅಲ್ಲಿಂದ 1.5 ಓಮ್, 2 ವ್ಯಾಟಿನ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಪ್ಲಸ್. ಮೈನಸ್ ನೇರ ಸೆಲ್ಲಿಗೆ. ರೆಸಿಸ್ಟರ್ ಬಿಟ್ಟರೆ ಎಲ್‌ಇಡಿ ಕಾದು ನೀಲಿಗಟ್ಟಿ ಸಾಯುತ್ತದೆ, ಪ್ರೊಟೆಕ್ಷನ್ ಇಲ್ಲದ ಸೆಲ್ ಹಾಕಿದರೆ ಪೂರ್ತಿ ಬರಿದಾಗಿ ಕೆಡುತ್ತದೆ. ಚಾರ್ಜಿಂಗ್ ಬೋರ್ಡನ್ನು ಮುಟ್ಟಬೇಡಿ, ಅದು ಎಂದಿನಂತೆ ನಡೆಯುತ್ತದೆ. ಸ್ವಿಚ್ಚಿನ ಸುತ್ತ ಸಿಲಿಕೋನ್ ಹಚ್ಚಿ, ಇಲ್ಲವಾದರೆ ಯೂರಿಯಾ ಕೈ ತಾಗಿ ಒಳಗಿನ ತಾಮ್ರ ಹಸಿರಾಗುತ್ತದೆ.

ಇಷ್ಟು ಮಾಡಿದ ಮೇಲೆ ಸಿಟ್ಟು ಇಳಿಯಿತು. ಬ್ಯಾಟ್ರಿ ಹಿಡಿಯುವ ಕೆಲಸ ಎರಡೂ ಕೈಗಿಲ್ಲ: ಒಂದರಲ್ಲಿ ಆರಡಿ ಬಿದಿರ ಕೋಲು, ಇನ್ನೊಂದರಲ್ಲಿ ಸಲಿಕೆ, ಬೆಳಕು ನೋಟ ಹೋದಲ್ಲೆಲ್ಲ ಹಿಂಬಾಲಿಸುತ್ತದೆ. ಪುಟ್ಟ ಪೆಪ್ಪರ್ ಸ್ಪ್ರೇ ಡಬ್ಬಿಗೆ ದುಡ್ಡು ಸುರಿಯುವ ಬದಲು ಆ ದುಡ್ಡು ಮೊಬೈಲ್ ಸ್ಟಾರ್ಟರಿಗೆ ಕೂಡಿಡಿ. ಫೋನಿನಿಂದಲೇ ಮೋಟರ್ ಚಾಲೂ ಆದರೆ ರಾತ್ರಿಯ ಒಂದು ಓಡಾಟ ಉಳಿಯಿತು. ಮಡಿ ತಿರುವಲು ಮಾತ್ರ ಹೋಗಲೇಬೇಕು, ಅದಕ್ಕೆ ಈ ಬ್ಯಾಟ್ರಿ ಇರಲಿ. ಐದಕ್ಕೆ ಮೂರೂವರೆ ನಕ್ಷತ್ರ, ಬಟನ್ನು ಬದಲಿಸದೆ ಬಳಸುವವರಿಗೆ ಒಂದೂವರೆ.